ಕಾವೇರಿಗೆ ಮಹಶೀರ್ ಮರಿ ಬಿಡುವ ಯೋಜನೆ: ಒಪ್ಪಬೇಕೇ, ಬೇಡವೇ?

ಮುತ್ತತ್ತಿ ದಾರಿಯವನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಮಳವಳ್ಳಿ ತಾಲ್ಲೂಕಿನಲ್ಲಿ ಮುತ್ತತ್ತಿಗೆ ಹೋಗುವ ದಾರಿಯ ಒಂದು ಊರು. ಊರಿನ ಹುಡುಗರೆಲ್ಲ ಸೇರಿ ಒಂದು ಯುವಕ ಸಂಘ ಮಾಡಿಕೊಂಡಿದ್ದೇವೆ. ಗಣೇಶನನ್ನು ಕೂರಿಸುವುದು, ರಕ್ತದಾನ ಶಿಬಿರ, ಜಾತ್ರೆ ಮುಗಿದ ಮೇಲೆ ಹೊಳೆದಂಡೆಯ ಪ್ಲಾಸ್ಟಿಕ್ ಹೆಕ್ಕುವುದು, ಇಷ್ಟು ನಮ್ಮ ಕೆಲಸ.

ಕಳೆದ ತಿಂಗಳು ಬೆಂಗಳೂರಿನ ಒಂದು ಕಂಪನಿಯವರು ನಮ್ಮನ್ನು ಹುಡುಕಿಕೊಂಡು ಬಂದರು. ಅವರ ಸಾಮಾಜಿಕ ಹೊಣೆಗಾರಿಕೆ ನಿಧಿಯಲ್ಲಿ ಹಣ ಉಳಿದಿದೆಯಂತೆ, ಮಾರ್ಚ್ ಮುಗಿಯುವುದರೊಳಗೆ ಖರ್ಚಾಗಬೇಕಂತೆ. ‘ಅಳಿವಿನಂಚಿನ ಮಹಶೀರ್ ಮೀನನ್ನು ಕಾವೇರಿಗೆ ಮರಳಿ ತರೋಣ, ಇಪ್ಪತ್ತು ಸಾವಿರ ಮರಿ ಬಿಡೋಣ, ಶಾಮಿಯಾನ, ಊಟ, ಫೋಟೊ ಎಲ್ಲ ನಮ್ಮದು, ಜನ ಸೇರಿಸುವುದು ನಿಮ್ಮದು’ ಎನ್ನುತ್ತಿದ್ದಾರೆ. ಮರಿ ಎಲ್ಲಿಂದ ತರುತ್ತೀರಿ ಎಂದು ಕೇಳಿದೆ. ‘ಅದಕ್ಕೆಲ್ಲ ಏಜೆಂಟರಿದ್ದಾರೆ’ ಎಂದರು.

ನನ್ನ ಅಜ್ಜ ತೆಪ್ಪ ನಡೆಸುತ್ತಿದ್ದವರು. ಮಹಶೀರನ್ನು ಅವರು ಬಿಳಿಮೀನು ಎನ್ನುತ್ತಿದ್ದರು, ಅದು ಬೇರೆಯದೇ. ತಲೆ ಮುಗಿಯುತ್ತಿದ್ದಂತೆಯೇ ಬೆನ್ನು ಗೂನಾಗಿ ಏಳುತ್ತಿತ್ತಂತೆ, ರೆಕ್ಕೆ ಕಿತ್ತಳೆ ಬಣ್ಣವಂತೆ, ದೊಡ್ಡದನ್ನು ಬೊಂಬಿಗೆ ಕಟ್ಟಿ ಇಬ್ಬರು ಹೆಗಲ ಮೇಲೆ ಹೊರಬೇಕಿತ್ತಂತೆ. ಈಗ ಬಂಡೆಯ ಮೇಲೆ ನಿಂತು ನೋಡಿದರೆ ಕಾಣುವುದು ಗೂನಿಲ್ಲದ, ರೆಕ್ಕೆ ನೀಲಿಯಾಗಿರುವ ಮೀನು. ಅದನ್ನೂ ಜನ ಮಹಶೀರ್ ಎಂದೇ ಕರೆಯುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಮರಿ ಬಿಟ್ಟರೆ ನಮ್ಮ ಹೊಳೆಗೆ ಒಳ್ಳೆಯದೇ? ಸಂಘದಲ್ಲಿ ಅರ್ಧ ಜನ ಒಪ್ಪೋಣ ಎನ್ನುತ್ತಿದ್ದಾರೆ, ಇನ್ನರ್ಧ ಜನಕ್ಕೆ ಊಟದ ಮೇಲಷ್ಟೇ ಕಣ್ಣು. ತಿಳಿದವರು ಹೇಳಿ.

ಗಾಳದ ಹಳೆಯ ಹುಚ್ಚ

ಇದರಲ್ಲಿ ಯೋಚಿಸುವುದೇನಿದೆ, ಒಪ್ಪಿಕೊಳ್ಳಿ. ನಾನು ಬೆಂಗಳೂರಿನವನು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಗಾಳದ ಶಿಬಿರಗಳು ನಡೆಯುತ್ತಿದ್ದ ಕಾಲದಲ್ಲಿ ರಜೆ ಸಿಕ್ಕಾಗಲೆಲ್ಲ ಅಲ್ಲೇ ಬಿದ್ದಿರುತ್ತಿದ್ದೆ. ಮಸಾಲೆ ಹಾಕಿ ಬೇಯಿಸಿದ ರಾಗಿ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಮೆತ್ತಿ ಬಂಡೆಯ ಮೇಲೆ ಕುಳಿತರೆ ಊಟ ನಿದ್ರೆ ಎರಡೂ ಮರೆತುಹೋಗುತ್ತಿತ್ತು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ನೀರಿಗೇ ಬಿಡುತ್ತಿದ್ದೆವು.

ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು 1970ರ ದಶಕದಿಂದ ಮಹಶೀರ್ ಮರಿ ಮಾಡಿ ದೇಶದ ಎಷ್ಟೋ ನದಿಗಳಿಗೆ ಕೊಟ್ಟಿದ್ದಾರೆ, ಕಾವೇರಿಗೂ ಬಂದಿವೆ. ಯಾವ ಜೀವಿ ಎಷ್ಟು ಅಳಿವಿನ ಅಪಾಯದಲ್ಲಿದೆ ಎಂದು ಹೇಳುವ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ನೀಲಿ ರೆಕ್ಕೆಯ ಮಹಶೀರ್ ಇಂದು ಅಪಾಯದ ವರ್ಗದಿಂದ ಹೊರಬಂದು ‘ಕನಿಷ್ಠ ಆತಂಕ’ದ ವರ್ಗಕ್ಕೆ ಸೇರಿದ್ದು ಅದರ ಫಲವೇ ಎನ್ನುತ್ತಾರೆ. ಮರಿ ಬಿಟ್ಟಿದ್ದರಿಂದ ಮೀನು ಉಳಿಯಿತು, ಇದಕ್ಕಿಂತ ಸಾಕ್ಷಿ ಬೇಕೇ? ಬರುವ ಹಣವನ್ನು ಬೇಡ ಎನ್ನಬಾರದು.

ಹೇಮಾವತಿ ದಂಡೆ

ಮುತ್ತತ್ತಿಯವರೇ, ಬಿಡಬೇಡಿ. ಬಿಡಲು ಬಂದವರನ್ನು ತಡೆಯಲಾಗುತ್ತದೆಯೇ ನೋಡಿ. ಗಾಳದವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಅವರು ಹೇಳಿದ ಯಶಸ್ಸು ಒಂದು ಮೀನಿನದು, ನೀವು ಕೇಳುತ್ತಿರುವುದು ಇನ್ನೊಂದರ ವಿಷಯ. ಉತ್ತರ ಉದ್ದವಾಗುತ್ತದೆ, ನಿವೃತ್ತನಿಗೆ ಬೇರೆ ಕೆಲಸವಿಲ್ಲ, ಸಹಿಸಿಕೊಳ್ಳಿ. ನಾನು ದುಡಿದದ್ದು ಮೀನುಮರಿ ಕೇಂದ್ರಗಳಲ್ಲಿ. ಕಟ್ಲಾ, ರೋಹು ಮರಿ ಮಾಡಿದ್ದೇನೆ, ಮಹಶೀರ್ ಮರಿಯನ್ನೂ ಮಾಡಿದ್ದೇನೆ.

ನೀಲಿ ರೆಕ್ಕೆಯದರ ವೈಜ್ಞಾನಿಕ ಹೆಸರು ಟಾರ್ ಖುದ್ರೀ. 1839ರಲ್ಲಿ ಸೈಕ್ಸ್ ಎಂಬ ಅಧಿಕಾರಿ ಪುಣೆಯ ಹತ್ತಿರದ ಮುಳಾ-ಮುಠಾ ಹೊಳೆಯ ಮೀನನ್ನು ನೋಡಿ ಆ ಹೆಸರಿಟ್ಟ. ಅದು ಕೃಷ್ಣೆಯ ಜಲಾನಯನದ ಹೊಳೆ. ಲೋನಾವಳದಲ್ಲಿ ಮರಿಯಾದದ್ದೂ ಇದೇ ಮೀನು. ನಿಮ್ಮ ಅಜ್ಜ ಬೊಂಬಿಗೆ ಕಟ್ಟಿ ಹೊರಿಸಿದ್ದು ಟಾರ್ ರೇಮಾದೇವಿ, ಗೂನುಬೆನ್ನಿನ ಮಹಶೀರ್. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಅದರ ನೆಲೆ ಇಲ್ಲ. ಒಂದೂವರೆ ಮೀಟರಿಗಿಂತ ಉದ್ದ, ಐವತ್ತು ಕಿಲೋ ದಾಟಿ ಬೆಳೆಯಬಲ್ಲ ಮೀನು. ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಹೆಸರು ಕೇಳಿರಬಹುದು, ಹುಲಿ ಚಿರತೆಗಳ ಚರ್ಮವನ್ನು ಕಾಗದದ ತಿರುಳಿನ ಅಚ್ಚಿಗೆ ಹೊದಿಸಿ ಜೀವಂತವೆಂಬಂತೆ ನಿಲ್ಲಿಸುತ್ತಿದ್ದವರು. ಆ ಮನೆಯ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಾಕಿದ ಮೀನು 120 ಪೌಂಡ್ ತೂಗಿತ್ತು, ಅಂದರೆ 54 ಕಿಲೋ. ನೀವು ಮರಿ ಬಿಡಬೇಕೆಂದಿರುವ ಹೊಳೆಗೆ ಮೇಲಿನಿಂದ ಬರುವುದು ಅದೇ ಕಬಿನಿಯ ನೀರು.

ಇಷ್ಟು ದೊಡ್ಡ ಮೀನು, ಬ್ರಿಟಿಷರ ಕಾಲದಿಂದ ಗಾಳಗಾರರ ಬಾಯಲ್ಲೆಲ್ಲ ಇದ್ದದ್ದು, ವಿಜ್ಞಾನದ ಲೆಕ್ಕದಲ್ಲಿ ಯಾರು ಎಂದು ತೀರ್ಮಾನವಾದದ್ದು 2018ರಲ್ಲಿ ಎಂದರೆ ನಂಬುತ್ತೀರಾ? ಕೇರಳದ ಚಿನ್ನಾರ್ ಕಾಡಿನಲ್ಲಿ ಪಾಂಬಾರ್ ಎಂಬ ಹೊಳೆಯಿದೆ, ಅಮರಾವತಿಯ ಮೂಲಕ ಅದರ ನೀರು ಕಾವೇರಿಗೇ ಬರುತ್ತದೆ. ಅಲ್ಲಿನ ಚಿಕ್ಕ ಮೀನುಗಳನ್ನು ನೋಡಿ 2007ರಲ್ಲಿ ರೇಮಾದೇವಿ ಎಂದು ಹೆಸರಿಟ್ಟರು. ಅದಕ್ಕೂ ಕಾವೇರಿಯ ಗೂನುಬೆನ್ನಿಗೂ ಸಂಬಂಧವಿದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ಮೀನು ಸಂಶೋಧಕರಾದ ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಮೋಯಾರ್ ನದಿಯಲ್ಲಿ ಗೂನುಬೆನ್ನಿನ ಮೀನು ಹಿಡಿದು, ಅಳತೆ ಮತ್ತು ಡಿಎನ್ಎ ಎರಡನ್ನೂ ಹೋಲಿಸಿ, ಎರಡೂ ಒಂದೇ ಎಂದು ತೋರಿಸಿದರು. ಮೋಯಾರ್ ಎಂದರೆ ನಮ್ಮ ಬಂಡೀಪುರಕ್ಕೂ ತಮಿಳುನಾಡಿನ ಮುದುಮಲೆಗೂ ಗಡಿಯಾಗಿ ಹರಿಯುವ ಹೊಳೆ. ಗುರುತು ಸಿಕ್ಕ ಅದೇ ವರ್ಷ ಮೀನು ಕೆಂಪು ಪಟ್ಟಿಗೆ ಬಂತು, ಬಂದದ್ದೇ ‘ತೀವ್ರ ಅಪಾಯ’ದ ವರ್ಗಕ್ಕೆ. ಅದರಾಚೆಗೆ ಉಳಿಯುವ ವರ್ಗಗಳು ಎರಡೇ: ಕಾಡಿನಲ್ಲಿ ಇಲ್ಲವಾದವು, ಮತ್ತು ಪೂರ್ತಿ ಇಲ್ಲವಾದವು.

ಇನ್ನು ಗಾಳದವರು ಬರೆದುಕೊಳ್ಳುತ್ತಿದ್ದ ಲೆಕ್ಕದ ಮಾತು. ಆ ಶಿಬಿರದ ಪುಸ್ತಕಗಳೇ ಇಂದು ನಮ್ಮ ಕೈಯಲ್ಲಿರುವ ದೊಡ್ಡ ಆಧಾರ, ಅದಕ್ಕೆ ಅವರಿಗೆ ಕೈಮುಗಿಯಬೇಕು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ತೂಕ ಅವುಗಳಲ್ಲಿತ್ತು. ಸಂಶೋಧಕರು ಕುಳಿತು ಅದನ್ನು ಎರಡು ಬಗೆಯಾಗಿ ವಿಂಗಡಿಸಿದಾಗ ಕಂಡದ್ದೇನು? ನೀಲಿ ರೆಕ್ಕೆಯ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತು, ಸರಾಸರಿ ತೂಕ ಇಳಿಯಿತು. ಎಂದರೆ ಮರಿಗಳು ಹುಟ್ಟುತ್ತಿವೆ, ಬೆಳೆಯುತ್ತಿವೆ. ಗೂನುಬೆನ್ನಿನದು ತಿರುವುಮುರುವು: ಸಂಖ್ಯೆ ಕುಸಿಯಿತು, ಸಿಕ್ಕ ಮೀನಿನ ತೂಕ ಮಾತ್ರ ಹೆಚ್ಚುತ್ತಾ ಹೋಯಿತು. ಗಾಳ ಹಾಕಿದವನಿಗೆ ಇದರಿಂದ ಖುಷಿಯಾಗುತ್ತದೆ, ‘ಈ ಸಲ ಇನ್ನೂ ದೊಡ್ಡದು’ ಎಂದು ಮೀಸೆ ತಿರುವುತ್ತಾನೆ. ಶಾಲೆ ಮುಚ್ಚಿಹೋದ ಊರಿನಲ್ಲಿ ಸರಾಸರಿ ವಯಸ್ಸು ಏರುವುದಿಲ್ಲವೇ, ಇದೂ ಹಾಗೆಯೇ. ಅಜ್ಜ ಅಜ್ಜಿಯರಷ್ಟೇ ಉಳಿದಿದ್ದಾರೆ, ತೊಟ್ಟಿಲಿಲ್ಲ.

ನೀಲಿ ರೆಕ್ಕೆಯ ಮೀನನ್ನು ತಂದು ಬಿಟ್ಟದ್ದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಮೀನು ಸಾಯಿಸಲು ನೀರಿಗೆ ತೋಟೆ (ಸಿಡಿಮದ್ದು) ಹಾಕಿದವರಿದ್ದಾರೆ, ನಂಜು ಕಲಸಿದವರಿದ್ದಾರೆ, ಮರಳು ಎತ್ತಿದವರಿದ್ದಾರೆ. ನಿಮ್ಮ ಹೊಳೆಯ ತುಂಡನ್ನೇ ನೋಡಿ. ಮೇಲೆ ಶಿವನಸಮುದ್ರದ ಜಲಪಾತ, ಕೆಳಗೆ 1934ರ ಮೆಟ್ಟೂರು ಅಣೆ. ನಡುವೆ ಸಿಕ್ಕಿಕೊಂಡ ಮೀನಿಗೆ ನೀರು ಬರುವುದು ಕೆಆರ್‌ಎಸ್ ಮತ್ತು ಕಬಿನಿಯ ತೂಬು ಎತ್ತಿದಾಗ, ಶಿವನಸಮುದ್ರದ ವಿದ್ಯುತ್ ಯಂತ್ರ ತಿರುಗಿದಾಗ. ಮಹಶೀರ್ ಮೊಟ್ಟೆ ಇಡುವುದು ಮಳೆಗಾಲದ ಹೊಸ ನೀರಿಗೆ ಎದುರಾಗಿ ಏರಿ ಹೋಗಿ, ಜಲ್ಲಿಯಿರುವ ಹರಿವಿನಲ್ಲಿ. ರಾತ್ರಿ ಏರಿದ ನೀರು ಬೆಳಗ್ಗೆ ಏಕಾಏಕಿ ಮೊಣಕಾಲಿಗಿಳಿದರೆ ಜಲ್ಲಿಯ ಮೇಲಿನ ಮೊಟ್ಟೆ ಅಲ್ಲೇ ಒಣಗುತ್ತದೆ. ಇಷ್ಟೆಲ್ಲ ಕಷ್ಟ ಇರುವಾಗಲೇ ಅದೇ ಮಡು, ಅದೇ ಏಡಿ, ಅದೇ ಅತ್ತಿಹಣ್ಣಿಗೆ ಪೈಪೋಟಿಗೆ ನಿಲ್ಲುವ ಸೋದರ ಸಂಬಂಧಿಯನ್ನು ಸಾವಿರಗಟ್ಟಲೆ ತಂದು ಸುರಿದೆವು. ಎರಡೂ ಬೆರೆತು ಮಿಶ್ರತಳಿ ಹುಟ್ಟಬಹುದೆಂಬ ಭಯ ಬೇರೆ.

ಏಜೆಂಟರ ಮರಿಯ ವಿಷಯ. ಮರಿ ಹೇಗೆ ಮಾಡುತ್ತಾರೆ ಎಂದು ತಿಳಿದರೆ ನಿಮಗೇ ಅರ್ಥವಾಗುತ್ತದೆ. ಜುಲೈ-ಆಗಸ್ಟ್ ಮಳೆಯಲ್ಲಿ, ಹೊಟ್ಟೆ ಮೆತ್ತಗಾದ ಹೆಣ್ಣನ್ನು ಬಲೆಯಿಂದ ಎತ್ತಿ, ಒದ್ದೆ ಟವೆಲಿನಲ್ಲಿ ಸುತ್ತಿ, ಒಬ್ಬ ಬಾಲ ಹಿಡಿಯುತ್ತಾನೆ, ಇನ್ನೊಬ್ಬ ತಲೆ ತಬ್ಬಿಕೊಂಡು ಹೆಬ್ಬೆರಳಿನಿಂದ ಹೊಟ್ಟೆಯನ್ನು ಹಿಂದಕ್ಕೆ ಸವರುತ್ತಾನೆ. ಬೋಗುಣಿ ಒಣಗಿರಬೇಕು, ಒಂದು ಹನಿ ನೀರೂ ತಾಗಬಾರದು. ಹಳದಿ ಮೊಟ್ಟೆ ಟಪಟಪ ಉದುರುತ್ತದೆ. ಮೇಲೆ ಗಂಡಿನ ಹಾಲು ಹಿಂಡಿ, ಕೋಳಿಗರಿಯಿಂದ ಮೆಲ್ಲಗೆ ಕಲಸಿ, ಆಮೇಲೆ ನೀರು. ರೋಹುವಾದರೆ ಕಿಲೋ ತೂಕಕ್ಕೆ ಲಕ್ಷಗಟ್ಟಲೆ ಮೊಟ್ಟೆ, ಮಹಶೀರಿಗೆ ಕೆಲವೇ ಸಾವಿರ. ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಮೇಲೆ ನೀರು ಹರಿಸಬೇಕು. ಸತ್ತ ಮೊಟ್ಟೆ ಬೆಳ್ಳಗಾಗುತ್ತದೆ, ಅದನ್ನು ಕಂಡಕೂಡಲೇ ಚಿಮಟದಿಂದ ಎತ್ತದಿದ್ದರೆ ಬೂಸ್ಟು ಪಕ್ಕದ್ದಕ್ಕೂ ಹಬ್ಬುತ್ತದೆ. ರಾತ್ರಿ ಪಾಳಿಯಲ್ಲಿ ಬ್ಯಾಟರಿ ಹಿಡಿದು ಆರಿಸುವುದೇ ಕೆಲಸ. ಮೂರು ನಾಲ್ಕು ದಿನಕ್ಕೆ ಒಡೆಯುತ್ತವೆ. ಒಡೆದ ಮರಿಗಳಿಗೆ ಬೆಳಕು ಆಗುವುದಿಲ್ಲ, ತಟ್ಟೆಯ ಮೂಲೆಗೆ ಹೋಗಿ, ಒಂದರಡಿ ಒಂದು ತಲೆ ಹುದುಗಿಸಿ, ಬಾಲ ಮಾತ್ರ ಅಲುಗಿಸುತ್ತಾ ಬಿದ್ದಿರುತ್ತವೆ.

ಇದೆಲ್ಲಕ್ಕೂ ಮೊದಲು ಬೇಕಾದದ್ದು ತಾಯಿ ಮೀನು. ಗೂನುಬೆನ್ನಿನ ತಾಯಿ ಮೀನನ್ನು ಹೊಂಡದಲ್ಲಿಟ್ಟುಕೊಂಡು ಮರಿ ಮಾರುವ ಏಜೆಂಟ್ ನನ್ನ ಕಣ್ಣಿಗೆ ಬಿದ್ದಿಲ್ಲ. ಅವನು ತರುವುದು ನೀಲಿ ರೆಕ್ಕೆಯದೇ. ಬೆರಳುದ್ದದ ಮರಿಯನ್ನು ಕಣ್ಣಳತೆಯಲ್ಲಿ ಇದು ಇಂಥದ್ದು ಎಂದು ನಾನೂ ಹೇಳಲಾರೆ, ಅವನಂತೂ ಹೇಳಲಾರ. ಮೇಲಾಗಿ ಕೇಂದ್ರದಲ್ಲಿ ಕೆಲವೇ ತಾಯಿತಂದೆಯಿಂದ ಹುಟ್ಟಿದ ಸಾವಿರಾರು ಮರಿ ಎಲ್ಲವೂ ಅಣ್ಣತಮ್ಮ ಅಕ್ಕತಂಗಿಯರು. ಹೊಳೆಯಲ್ಲಿ ಅವೇ ತುಂಬಿಕೊಂಡರೆ ಮುಂದಿನ ಪೀಳಿಗೆಗೆ ಕಷ್ಟ.

ಮಾರ್ಚ್ ತಿಂಗಳಂತೆ! ಮಾರ್ಚ್‌ನಲ್ಲಿ ನಿಮ್ಮ ಹೊಳೆ ಮಡುಮಡುವಾಗಿ ನಿಂತಿರುತ್ತದೆ, ನೀರು ಬೆಚ್ಚಗಾಗಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿ ಬೆಂಗಳೂರಿನ ಟ್ರಾಫಿಕ್ ದಾಟಿಸಿ ತಂದ ಮರಿಯನ್ನು, ಗಣ್ಯರ ಭಾಷಣ ಮುಗಿಯುವವರೆಗೆ ಬಿಸಿಲಿನಲ್ಲಿಟ್ಟು, ಆಮೇಲೆ ಬಕೆಟ್ಟಿನಲ್ಲಿ ಎತ್ತಿ ಸುರಿಯುತ್ತಾರೆ. ಕೆಳಗೆ ಮುರುಗೋಡು, ಬಾಳೆಯಂಥ ಮರಿ ನುಂಗುವ ಮೀನುಗಳು ಬಾಯಿ ತೆರೆದುಕೊಂಡಿರುತ್ತವೆ. ಅಂಥ ಸಮಾರಂಭಗಳಲ್ಲಿ ಬಕೆಟ್ಟು ಹಿಡಿದು ನಿಂತವನೇ ನಾನು, ಊಟ ಮಾತ್ರ ಚೆನ್ನಾಗಿರುತ್ತಿತ್ತು.

ಇನ್ನೊಂದು. ನಿಮ್ಮ ಆ ಹೊಳೆ ಕಾವೇರಿ ವನ್ಯಧಾಮದೊಳಗೆ ಬರುತ್ತದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಏನನ್ನೂ ಬಿಡುವಂತಿಲ್ಲ. ಕಂಪನಿಯವರಿಗೆ ಇದೊಂದು ಮಾತು ಹೇಳಿ ನೋಡಿ, ಅರ್ಧ ಉತ್ಸಾಹ ಅಲ್ಲೇ ಇಳಿಯುತ್ತದೆ.

ಕಪಿಲೆಯ ನೆಂಟ

ನಾನು ಬೆಳ್ತಂಗಡಿ ಕಡೆಯವನು. ನಮ್ಮ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಮುಂದೆ ಕಪಿಲಾ ಹೊಳೆ, ಅದರ ತುಂಬ ದೇವರ ಮೀನು. ಮೆಟ್ಟಿಲಿನಲ್ಲಿ ಕುಳಿತು ಅಕ್ಕಿಯನ್ನೋ ಮಂಡಕ್ಕಿಯನ್ನೋ ಹಾಕಿದರೆ ಒಂದರ ಮೈಮೇಲೆ ಒಂದು ಏರಿಕೊಂಡು ಬರುತ್ತವೆ. ಯಾರೂ ಮುಟ್ಟುವುದಿಲ್ಲ. 1996ರಲ್ಲಿ ಯಾರೋ ಪಾಪಿಗಳು ವಿಷ ಹಾಕಿ ಸಾವಿರಾರು ಮೀನು ಸತ್ತವು, ಅವುಗಳ ನೆನಪಿಗೆ ಅಲ್ಲಿ ಸ್ಮಾರಕವನ್ನೇ ಕಟ್ಟಿದ್ದಾರೆ. ಆಮೇಲೆ ಮೀನು ಮತ್ತೆ ತುಂಬಿಕೊಂಡವು. ಶೃಂಗೇರಿಯಲ್ಲಿ ತುಂಗೆಯ ಮೀನು, ರಾಮನಾಥಪುರದಲ್ಲಿ ನಿಮ್ಮ ಕಾವೇರಿಯದೇ ಮೀನು, ಎಲ್ಲ ಕಡೆಯೂ ದೇವರ ಹೆಸರಿನಲ್ಲಿ ಉಳಿದಿವೆ.

ಹೇಮಾವತಿಯವರೇ, ಇಲಾಖೆ, ಸಂಶೋಧನೆ ಎಂದೆಲ್ಲ ತಲೆಕೆಡಿಸಿಕೊಳ್ಳುವ ಬದಲು ಮುತ್ತರಾಯನ ಹೆಸರಿನಲ್ಲಿ ಮುತ್ತತ್ತಿಯ ಒಂದು ಮಡುವನ್ನು ದೇವರ ಮಡು ಎಂದು ಸಾರಿದರೆ ಆಗುವುದಿಲ್ಲವೇ? ಮೀನು ಬೇಕೆಂದರೆ ನಮ್ಮ ಕಡೆಯದನ್ನೇ ಸ್ವಲ್ಪ ಒಯ್ಯಬಹುದು, ದೇವಸ್ಥಾನದವರನ್ನು ಕೇಳಿ ನೋಡಬಹುದು.

ಹೇಮಾವತಿ ದಂಡೆ

ಕಪಿಲೆಯವರೇ, ಮೊದಲ ಸಲಹೆಗೆ ಎರಡು ಕೈ ಎತ್ತಿ ಒಪ್ಪಿಗೆ, ಎರಡನೆಯದಕ್ಕೆ ಖಂಡಿತ ಬೇಡ. ನಿಮ್ಮ ಹೊಳೆ ಪಡುವಣಕ್ಕೆ ಹರಿದು ನೇತ್ರಾವತಿಯ ಮೂಲಕ ಅರಬ್ಬಿ ಸಮುದ್ರ ಸೇರುವುದು. ನಡುವೆ ಪಶ್ಚಿಮಘಟ್ಟವೇ ನಿಂತಿದೆ. ಅಲ್ಲಿನ ಮೀನು ಅಲ್ಲಿಗೇ ಚೆಂದ. ಇದೇ ‘ಸ್ವಲ್ಪ ಒಯ್ಯೋಣ’ ಎಂಬ ಒಳ್ಳೆಯ ಮನಸ್ಸಿನಿಂದಲೇ ಗಂಗೆಯ ಕಟ್ಲಾ, ರೋಹು ನಮ್ಮ ಹೊಳೆಗೆ ಬಂದವು, ತಿಲಾಪಿಯಾ ಬಂತು, ಸರ್ಕಾರ ನಿಷೇಧಿಸಿದ ಆಫ್ರಿಕಾದ ಮುರುಗೋಡೂ ಎಲ್ಲೆಂದರಲ್ಲಿ ಸೇರಿಕೊಂಡಿತು.

ದೇವರ ಮಡುವಿನ ಬಲ ನನಗೆ ಗೊತ್ತು. ರಾಮನಾಥಪುರದ ವಹ್ನಿಪುಷ್ಕರಿಣಿಯ ಮೆಟ್ಟಿಲಿನ ಮೇಲೆ ಕುಳಿತು ಎಷ್ಟೋ ಸಂಜೆ ಕಳೆದಿದ್ದೇನೆ. ಸೊಂಟದೆತ್ತರದ ಹುಡುಗರು ಸಹ ಅಲ್ಲಿ ಕಲ್ಲು ಎಸೆಯುವುದಿಲ್ಲ. ಆದರೆ ದೇವರ ಮಡು ಕಾಯುವುದು ಬೆಳೆದ ಮೀನನ್ನು. ಮಳೆ ಬಂದಾಗ ಅದು ಮೊಟ್ಟೆ ಇಡಲು ದೇವಸ್ಥಾನದ ಗಡಿ ದಾಟಿ ಮೇಲಕ್ಕೆ ಏರುತ್ತದೆ, ಅಲ್ಲಿ ಕೂಳಿ ಒಡ್ಡಿಕೊಂಡು ಕೂತವನಿಗೆ ದೇವರ ಭಯವಿಲ್ಲ. ಕಾಯುವುದಾದರೆ ಮಡುವಿನ ಜೊತೆಗೆ ಅದಕ್ಕೆ ಮೇಲಿರುವ ಜಲ್ಲಿಯ ಹರಿವನ್ನೂ ಕಾಯಬೇಕು. ಮಂಡಕ್ಕಿ ಚೀಲಗಟ್ಟಲೆ ಸುರಿಯುವುದನ್ನೂ ಸ್ವಲ್ಪ ಹಿಡಿತದಲ್ಲಿಡಿ, ಬೇಸಿಗೆಯ ನಿಂತ ನೀರಿನಲ್ಲಿ ಅದು ಕೊಳೆತರೆ ಮೀನಿಗೇ ಉಸಿರು ಕಟ್ಟುತ್ತದೆ.

ನೀರಿನ ಲೆಕ್ಕಿಗ

ಕ್ಷಮಿಸಿ, ನಿಮ್ಮೆಲ್ಲರ ಮಾತು ಓದಿದರೆ ನಗು ಬರುತ್ತದೆ. ಮೇಕೆದಾಟಿನಲ್ಲಿ 67 ಟಿಎಂಸಿ ಅಡಿಯ ಸಮತೋಲನ ಜಲಾಶಯ ಕಟ್ಟಬೇಕೆಂದು ರಾಜ್ಯ ಹಟ ಹಿಡಿದಿದೆ. ಬೆಂಗಳೂರಿಗೆ ಕುಡಿಯುವ ನೀರು ಬೇಕು. ಅದು ಬಂದರೆ ಸುಮಾರು 5,000 ಹೆಕ್ಟೇರ್ ಮುಳುಗಡೆ, ಹೆಚ್ಚಿನದು ಈ ವನ್ಯಧಾಮದ್ದೇ. ನಿಮ್ಮ ಮಡು, ನಿಮ್ಮ ಜಲ್ಲಿ ಎಲ್ಲ ನೂರಾರು ಅಡಿ ನೀರಿನಡಿ. ಮನುಷ್ಯರಿಗೆ ನೀರು ಮೊದಲೋ ಮೀನಿಗೆ ಮೊದಲೋ?

ಹೇಮಾವತಿ ದಂಡೆ

ಲೆಕ್ಕಿಗರೇ, ಅದು ನ್ಯಾಯಾಲಯ ಮತ್ತು ಎರಡು ಸರ್ಕಾರಗಳ ಜಗಳ, ಈ ಹುಡುಗನ ಸಂಘ ತೀರ್ಮಾನಿಸುವುದಲ್ಲ. ಆದರೆ ಕೇಳಿದಿರಲ್ಲ, ಹೇಳುತ್ತೇನೆ. ಗೂನುಬೆನ್ನಿನ ಮಹಶೀರ್ ನಿಂತ ನೀರಿನ ಮೀನಲ್ಲ. ಜಲಾಶಯವಾದರೆ ಆ ತುಂಡಿನಲ್ಲಿ ಅದರ ಕಥೆ ಮುಗಿದಂತೆಯೇ, ನೀಲಿ ರೆಕ್ಕೆಯದು ಬೇಕಾದರೆ ಲೋನಾವಳದ ಕೆರೆಗಳಲ್ಲಿದ್ದಂತೆ ಇದ್ದುಕೊಂಡೀತು. ಬೆಂಗಳೂರಿಗೆ ನೀರು ಬೇಡವೆನ್ನುವವನು ನಾನಲ್ಲ, ನನ್ನ ಮಗಳ ಮನೆ ಯಲಹಂಕದಲ್ಲಿದೆ. ಸೋರುವ ಕೊಳವೆ ಮೊದಲು ಕಟ್ಟಿ ಎನ್ನುವವನು. ಅಣೆಕಟ್ಟು ಬರಲಿದೆ ಎಂಬ ನೆಪದಲ್ಲಿ ಈ ವರ್ಷವೇ ತೋಟೆ ಹಾಕಲು ಬಿಡಬೇಕೇ?

ತೆಪ್ಪದವನ ಮಗ

ಇಲ್ಲಿ ಬರೆಯುವುದು ಇದೇ ಮೊದಲು. ನಮ್ಮ ಅಪ್ಪ ಶಿಬಿರದಲ್ಲಿ ಗಾಳಗಾರರಿಗೆ ದಾರಿ ತೋರಿಸುವ ಕೆಲಸದಲ್ಲಿದ್ದರು. ಅದಕ್ಕೂ ಮೊದಲು ಏನು ಮಾಡುತ್ತಿದ್ದರು ಎಂದು ಊರಿಗೆಲ್ಲ ಗೊತ್ತು, ಮುಚ್ಚಿಡುವುದೇನಿಲ್ಲ, ತೋಟೆ ಹಾಕುತ್ತಿದ್ದರು. ಶಿಬಿರದವರು ಹೊಳೆ ಬಲ್ಲವರನ್ನೇ ಹುಡುಕಿ ಕೆಲಸಕ್ಕೆ ಸೇರಿಸಿಕೊಂಡರು, ಹೊಳೆ ಬಲ್ಲವರು ಅವರೇ ತಾನೇ. ಯಾವ ಬಂಡೆಯ ಮರೆಯಲ್ಲಿ ಎಷ್ಟು ಆಳ, ಯಾವ ಸುಳಿಯಲ್ಲಿ ತೆಪ್ಪ ತಿರುಗುತ್ತದೆ, ಎಲ್ಲ ಕೈಮೇಲಿತ್ತು.

ದೊಡ್ಡ ಮೀನು ಸಿಕ್ಕರೆ ಅಪ್ಪ ನೀರಿಗಿಳಿದು ಎದೆಮಟ್ಟ ನಿಂತು, ಅದರ ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿಯುತ್ತಿದ್ದರು. ಕಿವಿರು ತೆರೆದು ಮುಚ್ಚುವುದು ನಿಧಾನವಾಗಿ ಸರಿಹೋಗುವವರೆಗೆ ಕೈ ಬಿಡುತ್ತಿರಲಿಲ್ಲ. ಅರ್ಧ ಗಂಟೆಯಾದರೂ ಸರಿ. ಅದು ತಾನಾಗಿ ಬಾಲ ಒದ್ದು ಹೋಗಬೇಕು, ದೂಡಬಾರದು ಎನ್ನುತ್ತಿದ್ದರು. ಆ ದೊರೆಗಳು ಒಂದು ಮೀನು ಹಿಡಿದು ಬಿಡುವುದಕ್ಕೆ ಕೊಡುತ್ತಿದ್ದ ಹಣ, ಅದೇ ಮೀನನ್ನು ಕೊಯ್ದು ಮಾರಿದರೆ ಬರುತ್ತಿರಲಿಲ್ಲ. ಹಾಗಾಗಿ ರಾತ್ರಿ ಹೊಳೆಯಲ್ಲಿ ಸದ್ದಾದರೆ ಶಿಬಿರದವರೇ ತೆಪ್ಪ ಹಾಕಿಕೊಂಡು ಓಡುತ್ತಿದ್ದರು.

ವನ್ಯಧಾಮದೊಳಗೆ ಗಾಳ ಹಾಕುವುದಕ್ಕೆ ಅವಕಾಶವಿಲ್ಲ ಎಂದು ಶಿಬಿರಗಳು ನಿಂತ ಮೇಲೆ ಅಪ್ಪನ ಜೊತೆಯವರು ಕೆಲವರು ತೋಟದ ಕೂಲಿಗೆ ಹೋದರು, ಕೆಲವರು ಬೆಂಗಳೂರಿನಲ್ಲಿ ಕಾವಲುಗಾರರಾದರು. ಕಾನೂನು ತಪ್ಪು ಎಂದು ಹೇಳುತ್ತಿಲ್ಲ. ರಾತ್ರಿ ಓಡಿಹೋಗುವವರು ಇಲ್ಲವಾದರು, ಅಷ್ಟೇ. ಅರಣ್ಯ ಇಲಾಖೆಯವರು ಕಳ್ಳಬೇಟೆ ತಡೆ ಶಿಬಿರ ಇಟ್ಟಿದ್ದಾರೆ, ಆದರೆ ಅವರಿಗೆ ಆನೆ ನೋಡುವುದೇ ಸಾಕಾಗಿದೆ. ಕಂಪನಿಯ ಹಣದಲ್ಲಿ ಇಲಾಖೆಯ ಮೂಲಕ ಹೊಳೆ ಕಾಯುವವರನ್ನು ನೇಮಿಸಬಹುದಲ್ಲ? ನಾನು ಬರುತ್ತೇನೆ, ತೆಪ್ಪ ಹಾಕಲು ಈಗಲೂ ಬರುತ್ತದೆ.

ಗಾಳದ ಹಳೆಯ ಹುಚ್ಚ

ಹೇಮಾವತಿಯವರ ಬರಹ ಎರಡು ಸಲ ಓದಿದೆ. ತೂಕ ಏರುವುದು ಕೆಟ್ಟ ಸುದ್ದಿ ಎಂಬುದನ್ನು ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೆ ಒಪ್ಪದೆ ದಾರಿಯಿಲ್ಲ. ಒಂದು ಅನುಮಾನ ಮಾತ್ರ ಉಳಿದಿದೆ. ಮರಿಯೇ ಬಿಡಬಾರದು ಎಂದರೆ ಗೂನುಬೆನ್ನು ಮರಳಿ ಬರುವುದು ಹೇಗೆ? ಅಜ್ಜ ಅಜ್ಜಿಯರೇ ಉಳಿದಿದ್ದರೆ, ಕಾದರೆ ಮಾತ್ರ ತೊಟ್ಟಿಲು ತೂಗುತ್ತದೆಯೇ?

ಹೇಮಾವತಿ ದಂಡೆ

ಸರಿಯಾದ ಪ್ರಶ್ನೆ. ಮರಿಯೇ ಬಿಡಬಾರದು ಎಂದು ನಾನು ಹೇಳಲಿಲ್ಲ, ಬೇರೆ ಮೀನಿನ ಮರಿ ಬಿಡಬಾರದು ಎಂದೆ. ಗೂನುಬೆನ್ನಿನ ಮೀನನ್ನು ಒಂದಲ್ಲ ಒಂದು ದಿನ ಕೇಂದ್ರದಲ್ಲಿ ಮರಿ ಮಾಡಿಸಲೇಬೇಕಾಗಬಹುದು. ಆ ಕೆಲಸ ಮಾಡುವವರು ಎರಡು ರಾಜ್ಯಗಳ ಅರಣ್ಯ ಮತ್ತು ಮೀನುಗಾರಿಕೆ ಇಲಾಖೆ, ಜೊತೆಗೆ ತಳಿ ಬಲ್ಲ ವಿಜ್ಞಾನಿಗಳು. ತಾಯಿ ಮೀನು ಕಾವೇರಿ ಕೊಳ್ಳದ್ದೇ ಆಗಿರಬೇಕು, ರೆಕ್ಕೆಯ ಚೂರು ಕತ್ತರಿಸಿ ಡಿಎನ್ಎ ನೋಡಿ ಮಿಶ್ರವಲ್ಲ ಎಂದು ಖಾತ್ರಿಯಾಗಬೇಕು, ಒಂದೇ ಜೋಡಿಯ ಮಕ್ಕಳಿಂದ ಹೊಳೆ ತುಂಬಬಾರದು. ಮೋಯಾರಿನಲ್ಲಿ ಉಳಿದ ಕೆಲವನ್ನು ಎತ್ತಿ ತಂದು ಕೈ ಜಾರಿದರೆ, ಇದ್ದ ಒಂದು ನೆಲೆಯನ್ನೂ ಕಳೆದುಕೊಂಡಂತೆ. ಅವಸರದ ಕೆಲಸವಲ್ಲ, ಮಾರ್ಚ್‌ನೊಳಗಿನ ಕೆಲಸವಂತೂ ಅಲ್ಲ. ಅಷ್ಟು ಕಷ್ಟಪಟ್ಟು ಮಾಡಿದ ಮರಿಯನ್ನು ತಂದು ಬಿಟ್ಟಾಗ ಹೊಳೆಯಲ್ಲಿ ತೋಟೆಯ ಸದ್ದು ನಿಂತಿರಬೇಕು, ಮಡುವಿನಲ್ಲಿ ನೀರಿರಬೇಕು. ಆ ಭಾಗ ಮಾತ್ರ ನಿಮ್ಮೂರಿನವರ ಕೈಯಲ್ಲಿದೆ.

ಗಾಳದವರಿಗೆ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಫೋಟೊ, ಡೈರಿ ಇರಲೇಬೇಕು. ಜಾಗ, ತಿಂಗಳು, ತೂಕ, ಗೂನು ಇತ್ತೇ ಇಲ್ಲವೇ, ಇಷ್ಟು ಬರೆದು ಮಹಶೀರ್ ಅಧ್ಯಯನ ಮಾಡುವವರಿಗೆ ಕಳಿಸಿ. 1998ಕ್ಕಿಂತ ಹಿಂದಿನದಾದರೆ ಚಿನ್ನ.

ಮುತ್ತತ್ತಿ ದಾರಿಯವನು

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಘದ ಸಭೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಊಟದ ಕಡೆಯವರು ಸ್ವಲ್ಪ ಮುನಿಸಿಕೊಂಡರು. ಕಂಪನಿಯವರಿಗೆ ಫೋನ್ ಮಾಡಿ ಮರಿ ಬೇಡ, ಬದಲಿಗೆ ಹೊಳೆ ಕಾಯುವವರ ಕೂಲಿ ಕೊಡಿ, ವಲಯ ಅರಣ್ಯಾಧಿಕಾರಿಯವರನ್ನು ಒಟ್ಟಿಗೆ ಹೋಗಿ ಕೇಳೋಣ ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ‘ಕೂಲಿ ಕೊಟ್ಟದ್ದನ್ನು ಫೋಟೊ ತೆಗೆಯುವುದು ಹೇಗೆ?’ ಎಂದು ಕೇಳಿದರು. ಕೊನೆಗೆ ಅರ್ಧ ಮನಸ್ಸಿನಿಂದ ಒಪ್ಪಿದ್ದಾರೆ, ಲಿಖಿತ ಪ್ರಸ್ತಾವ ಕಳಿಸಿ ಎಂದಿದ್ದಾರೆ. ಅದರಲ್ಲಿ ಏನೇನು ಇರಬೇಕು ಹೇಮಾವತಿಯವರೇ? ತೆಪ್ಪದವನ ಮಗನ ಜೊತೆ ಮಾತಾಡಿದ್ದೇನೆ, ನಮ್ಮ ಪಕ್ಕದ ಊರಿನವರೇ.

ಹೇಮಾವತಿ ದಂಡೆ

ಫೋಟೊ ಬೇಕೆಂದರೆ ತೆಪ್ಪದ ಮುಂದೆ ಕಂಪನಿಯ ಹೆಸರು ಬರೆಸಿ, ಗಂಟೇನು ಹೋಗುವುದಿಲ್ಲ.

ಪ್ರಸ್ತಾವ ಎರಡು ಪುಟ ಮೀರದಿರಲಿ. ಯಾವ ಮಡುವಿನಿಂದ ಯಾವ ಮಡುವಿನವರೆಗೆ ಎಂದು ನೀವು ಊರಿನಲ್ಲಿ ಕರೆಯುವ ಹೆಸರನ್ನೇ ಬರೆಯಿರಿ, ಜೊತೆಗೆ ನಕಾಶೆ. ಕಾವಲಿಗೆ ಹೋಗುವವರು ಇಲಾಖೆಯ ಗುರುತಿನ ಚೀಟಿಯೊಂದಿಗೇ ಹೋಗಬೇಕು, ಒಬ್ಬೊಬ್ಬರೇ ಹೋಗಬಾರದು, ಆನೆಯ ಜಾಗ ಅದು, ತೋಟೆಯವರೂ ಒಳ್ಳೆಯವರಲ್ಲ. ಸದ್ದು ಕೇಳಿದರೆ ಹಿಡಿಯಲು ಓಡುವುದು ಇವರ ಕೆಲಸವಲ್ಲ, ಫೋನ್ ಮಾಡುವುದು. ಹಾಗಾಗಿ ಎಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ಒಂದು ಪುಸ್ತಕ ಇಡಿ: ತಾರೀಖು, ಮಡು, ನೀರು ಎಷ್ಟಿತ್ತು, ಮೀನು ಕಂಡಿತೇ, ರೆಕ್ಕೆಯ ಬಣ್ಣ, ಗೂನು. ಬೆಳಗ್ಗೆ ಬಿಸಿಲೇರುವ ಮೊದಲು ಎತ್ತರದ ಬಂಡೆಯಿಂದ ನೋಡಿದರೆ ತಳದವರೆಗೂ ಕಾಣುತ್ತದೆ. ಸತ್ತ ಮೀನು ಸಿಕ್ಕರೆ ಎಸೆಯದೆ ಪಕ್ಕದಲ್ಲಿ ಕೋಲಿಟ್ಟು ಫೋಟೊ ತೆಗೆದು ಅರಣ್ಯ ಸಿಬ್ಬಂದಿಗೆ ಒಪ್ಪಿಸಿ.

ಹಣ ಕಡಿಮೆಯಾದರೆ ವರ್ಷಪೂರ್ತಿ ಬೇಡ. ಜನವರಿಯಿಂದ ಮೊದಲ ಮಳೆಯವರೆಗೆ ಬಿಡದೆ ಇರಲಿ, ನೀರಿಳಿದು ಮೀನೆಲ್ಲ ಮಡುವಿನಲ್ಲಿ ಸಿಕ್ಕಿಕೊಳ್ಳುವುದು ಆಗಲೇ. ಆಮೇಲೆ ಮೀನು ಏರುವ ಜುಲೈ, ಆಗಸ್ಟ್. ಕೂಲಿಯನ್ನು ತಿಂಗಳು ತಿಂಗಳು ಬ್ಯಾಂಕಿಗೆ ಹಾಕಬೇಕು ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. ವರ್ಷದ ಕೊನೆಗೆ ಒಟ್ಟಿಗೆ ಕೊಡುತ್ತೇವೆ ಎಂದರೆ ಒಪ್ಪಬೇಡಿ, ಏಪ್ರಿಲ್‌ನಲ್ಲಿ ಮಡುವಿನ ಹತ್ತಿರ ಯಾರೂ ಉಳಿಯುವುದಿಲ್ಲ.